ದಸ್ತಗೀರ ನೀರು ಕುಡಿದು ಹೊರಟ ದಿನ

2023ರ ಜೂನ್‌ನಲ್ಲಿ ನಾನು ಅಲಾಸ್ಕಾದ ಕರಾವಳಿ ಪರ್ವತಸಾಲಿನಲ್ಲಿ ಒಂದು ಗ್ಲೇಸಿಯರ್ ಸಮೀಕ್ಷೆಯ ಮುಖ್ಯಸ್ಥೆಯಾಗಿದ್ದೆ. ಗ್ಲೇಸಿಯರ್ ಅಂದರೆ ಹಿಮನದಿ. ವರ್ಷಗಟ್ಟಲೆ ಬಿದ್ದ ಹಿಮ ಒತ್ತಿ ಗಟ್ಟಿಯಾಗಿ, ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಕೆಳಗಿಳಿಯುತ್ತದೆ. ಬೇಸಿಗೆಯಲ್ಲಿ ಅದು ಎಷ್ಟು ಕರಗಿತು ಎಂದು ಅಳೆಯುವುದು ನಮ್ಮ ಕೆಲಸ. ನಾನು ಇಂಡಿ ತಾಲ್ಲೂಕಿನ ಝಳಕಿಯವಳು, ಕುರಿ ಕಾಯುವವರ ಮಗಳು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವರಲ್ಲಿ ನಾನೇ ಮೊದಲು. ಆ ಹುದ್ದೆ ನನಗೆ ಯಾರೂ ದಾನ ಕೊಟ್ಟಿದ್ದಲ್ಲ.

ನಮ್ಮ ಬಿಡಾರ ಇದ್ದದ್ದು ಒಂದು ಶಿಖರದ ಬುಡದಲ್ಲಿ. ರಸ್ತೆ ಇಲ್ಲ, ಹೆಲಿಕಾಪ್ಟರ್ ಒಂದೇ ಗತಿ. ನಕ್ಷೆಯಲ್ಲಿ ಆ ಶಿಖರಕ್ಕೆ ಹೆಸರೂ ಇಲ್ಲ, ಎತ್ತರದ ಅಂಕಿ ಮಾತ್ರ. ನಮ್ಮ ಉಪಕರಣಗಳ ತಂತ್ರಜ್ಞ ದಸ್ತಗೀರ ಅದನ್ನು 'ಸಾವ್ಕಾರ' ಅಂತಿದ್ದ. "ದಿನಾ ಮಾರಿ ತೋರ್ಸಂಗಿಲ್ಲ, ತೋರ್ಸಿದ ದಿನ ಸಿಟ್ಟೀಲೆ ಇರ್ತಾನ್ರಿ ಅಕ್ಕಾರ." ಅವನೂ ನಮ್ಮ ಜಿಲ್ಲೆಯವನೇ, ತಾಳಿಕೋಟೆಯವನು. ಅವನ ಕೈಗುಣ ನೋಡಿ ನಾನೇ ತಂಡಕ್ಕೆ ಕರೆಸಿಕೊಂಡಿದ್ದೆ.

ಮೂರನೆಯವಳು ಕ್ಯಾರೆನ್, ಅಲ್ಲಿಯದೇ ಹೆಣ್ಣುಮಗಳು, ನಮ್ಮ ಸುರಕ್ಷತೆ ಅವಳ ಜವಾಬ್ದಾರಿ. ಡೇರೆ ಬಿಡುವವರು ಎಲ್ಲಿಗೆ ಹೋಗುತ್ತೇವೆ ಎಂದು ಹೇಳಿ ಹೋಗಬೇಕು ಎಂಬುದು ಅವಳ ನಿಯಮ. ಬಿಡಾರದಿಂದ ಎರಡು ದಾರಿಗೆ ಕೆಂಪು ಬಾವುಟ ನೆಟ್ಟಿದ್ದೆವು. ಒಂದು ಮೇಲೆ, ಶಿಖರದ ಭುಜದಲ್ಲಿದ್ದ ಹವಾಮಾನ ಯಂತ್ರಕ್ಕೆ. ಇನ್ನೊಂದು ಕೆಳಗೆ, ಹಿಮನದಿಯ ಚಿತ್ರ ತೆಗೆಯುತ್ತಿದ್ದ ಕ್ಯಾಮೆರಾಕ್ಕೆ. ಬಾವುಟದ ಸಾಲು ಬಿಟ್ಟರೆ ಸುತ್ತ ಕ್ರೆವಾಸ್‌ಗಳು, ಅಂದರೆ ತೆಳು ಹಿಮ ಮುಚ್ಚಿಕೊಂಡ ಆಳದ ಬಿರುಕುಗಳು.

ಒಂದು ಮಧ್ಯಾಹ್ನ ಸಮುದ್ರದ ಕಡೆಯಿಂದ ಮಂಜು ನುಗ್ಗಿತು. ನೆಲ ಯಾವುದು, ಮುಗಿಲು ಯಾವುದು ತಿಳಿಯದಂಥ ಬಿಳುಪು. ಹತ್ತಿರದಲ್ಲೇ ಕೆಲಸದಲ್ಲಿದ್ದ ನಾನು ತಡಕಾಡುತ್ತ ಡೇರೆ ಸೇರಿದೆ.

"ದಸ್ತಗೀರ ಎಲ್ಲಿ?"

"ತನ್ನ ಡೇರೆಯಲ್ಲಿ ಮಲಗಿರಬೇಕು," ಅಂದಳು ಕ್ಯಾರೆನ್. "ಬೆಳಿಗ್ಗೆ ಹೊರಟಿದ್ದ. ಎಲ್ಲಿಗೆ ಅಂತ ಕೇಳಿದೆ. ಉತ್ತರ ಕೊಡಲಿಲ್ಲ. ವಾಪಸ್ ಬಂದು ಕೂತ, ನೀರು ಕುಡಿದ. ಮನಸ್ಸು ಬದಲಿಸಿದ ಅಂದುಕೊಂಡು ನಾನು ಹೆಲಿಪ್ಯಾಡ್ ಕಡೆ ಹೋದೆ."

ನಮ್ಮ ಕಡೆ ಹೊರಟವರನ್ನು ಎಲ್ಲಿಗೆ ಅಂತ ಕೇಳುವುದಿಲ್ಲ. ಕೇಳಿದರೆ ಹೋದ ಕೆಲಸ ಕೆಡುತ್ತದೆ ಅಂತ ನಂಬಿಕೆ. ಯಾರಾದರೂ ಕೇಳಿಯೇಬಿಟ್ಟರೆ ಒಳಗೆ ಬಂದು, ಕ್ಷಣಹೊತ್ತು ಕೂತು, ನೀರು ಕುಡಿದು, ಮತ್ತೆ ಯಾರ ಕಣ್ಣಿಗೂ ಬೀಳದಂತೆ ಹೊರಡಬೇಕು. ನಮ್ಮವ್ವ ಎಷ್ಟು ಸಲ ಹೀಗೆ ಮಾಡಿದ್ದನ್ನು ನೋಡಿಲ್ಲ!

"ಅವನು ಹೋಗಿದ್ದಾನೆ," ಅಂದೆ.

"ನೀರು ಕುಡಿದಿದ್ದಕ್ಕಾ?"

"ಹೌದು. ಅದಕ್ಕೇ."

ಅವನ ಡೇರೆ ಖಾಲಿ. ರೇಡಿಯೊದಲ್ಲಿ ಕೂಗಿದರೆ ಬರೀ ಗರಗರ. ಮೇಲೆ ಹೋದನೋ, ಕೆಳಗೆ ಹೋದನೋ? ತಪ್ಪು ದಾರಿ ಹಿಡಿದರೆ ಅವನು ಚಳಿಯಲ್ಲೇ ಮುಗಿಯುತ್ತಿದ್ದ. ನಾನು ಚಾರ್ಜಿಂಗ್ ಪೆಟ್ಟಿಗೆ ತೆಗೆದು ನೋಡಿದೆ. ದೊಡ್ಡ ಬ್ಯಾಟರಿ ಇರಲಿಲ್ಲ. ಅದು ಬೇಕಾದದ್ದು ಹವಾಮಾನ ಯಂತ್ರಕ್ಕೆ ಮಾತ್ರ.

ಅಂಥ ಮಂಜಿನಲ್ಲಿ ಹೆಲಿಕಾಪ್ಟರ್ ಹಾರುವುದಿಲ್ಲ. ನಾವಿಬ್ಬರೂ ಒಂದೇ ಹಗ್ಗಕ್ಕೆ ಸೊಂಟ ಕಟ್ಟಿಕೊಂಡು ಮೇಲೆ ಹೊರಟೆವು. ಒಬ್ಬಳು ಬಾವುಟದ ಹತ್ತಿರ ನಿಲ್ಲುವುದು, ಇನ್ನೊಬ್ಬಳು ಕೋಲಿನಿಂದ ಹಿಮ ಚುಚ್ಚುತ್ತ ಮುಂದಿನದನ್ನು ಹುಡುಕುವುದು. ಒಂದು ಕಡೆ ಹಿಮ ಕರಗಿ ಬಾವುಟಗಳೇ ಬಿದ್ದುಹೋಗಿದ್ದವು. ಅಲ್ಲಿ ಕ್ಯಾರೆನ್ ಸೀಟಿ ಊದಿದಳು. ಮತ್ತೆ ಊದಿದಳು.

"ಯಾರ್ರಿ ಅದು?"

ಎಡಗಡೆಯಿಂದ ಬಂತು ದನಿ. ನಾನು ಆ ಕಡೆ ತಿರುಗಿ ಕೂಗಿದೆ.

"ನಿಮ್ಮವ್ವ ಕಳಸ್ಯಾಳ! ಅಲ್ಲೇ ಕುಂದ್ರು, ಅಲ್ಲಾಡಬ್ಯಾಡ!"

"ಅಲ್ಲಾಡಾಕ ನನಗೇನ್ ಹುಚ್ಚೇನ್ರಿ ಅಕ್ಕಾರ? ಬಾವುಟ ಕಾಣ್ಲಾರ್ದಂಗ ಆದ ಕೂಡ್ಲೆ ಬ್ಯಾಟರಿ ಮ್ಯಾಲ ಕುಂತೇನಿ. ಕುಂಡಿ ಬರ್ಫದ ಗಡ್ಡಿ ಆಗೇತಿ, ಲಗೂನ ಬರ್ರಿ!"

ಅವನ ಕಡೆ ಹೋಗುವಾಗ ಕ್ಯಾರೆನ್‌ಳ ಕೋಲು ಒಂದು ಕಡೆ ಹಿಡಿಕೆಯವರೆಗೂ ಒಳಗಿಳಿಯಿತು. ಅವನಿಗೂ ನಮಗೂ ನಡುವೆ ಕ್ರೆವಾಸ್. ನಮ್ಮ ದನಿ ಕೇಳಿ ಎದ್ದು ಓಡಿ ಬಂದಿದ್ದರೆ ಮುಗಿದಿತ್ತು. ಸುತ್ತು ಹಾಕಿ ಹೋಗಿ ಅವನನ್ನು ಹಗ್ಗಕ್ಕೆ ಕಟ್ಟಿಕೊಂಡೆವು. ತುಟಿ ನೀಲಿಯಾಗಿದ್ದವು, ಬೆರಳೆಲ್ಲ ಸರಿಯಿದ್ದವು. ಕಪಾಳಕ್ಕೊಂದು ಬಿಗಿಯಬೇಕು ಅನ್ನಿಸಿತು. ಕೊಟ್ಟದ್ದು ಫ್ಲಾಸ್ಕಿನ ಚಹಾ.

"ನನಗೆ ಯಾಕೆ ಹೇಳಲಿಲ್ಲ?" ಕ್ಯಾರೆನ್ ಕೇಳಿದಳು.

"ಹೇಳ್ತಿದ್ದೆ. ನೀವು ಬಾಗಿಲದಾಗ ಕೇಳಿಬಿಟ್ರಲ್ಲ!" ಅದನ್ನು ಇಂಗ್ಲಿಷಿಗೆ ತಂದವಳು ನಾನು. ಅವಳು ಮೊದಲು ನಕ್ಕಳು, ಆಮೇಲೆ ಕಣ್ಣೊರೆಸಿಕೊಂಡಳು.

ಅವತ್ತು ಊಟಕ್ಕೆ ಕೂತಾಗ ದಸ್ತಗೀರನನ್ನು ಬೈಯಬೇಕಾದಷ್ಟು ಬೈದೆ. ಆದರೆ ನಂಬಿಕೆ ಬಿಡು ಅನ್ನಲಿಲ್ಲ. ಅಂದರೂ ಬಿಡುತ್ತಿರಲಿಲ್ಲ, ಇನ್ನಷ್ಟು ಗುಟ್ಟಾಗಿ ಹೋಗುತ್ತಿದ್ದ. ಕ್ಯಾರೆನ್‌ಳ ಪ್ರಶ್ನೆಯ ಹೊತ್ತನ್ನೇ ಬದಲಿಸಿದೆವು. ನಾಳೆ ಎಲ್ಲಿಗೆ ಎಂಬುದು ಹಿಂದಿನ ರಾತ್ರಿ ಊಟದಲ್ಲೇ ತೀರ್ಮಾನವಾಗಬೇಕು. "ಊಟದಾಗ ಕೇಳಿದ್ರ ದೋಷ ಇಲ್ರಿ," ಅಂತ ಅವನೂ ಒಪ್ಪಿದ. ನಿಯಮ ಮಾಡುವಾಗ ಅದನ್ನು ಪಾಲಿಸುವವರ ಮನೆಯ ರೂಢಿಯನ್ನೂ ತಿಳಿದಿರಬೇಕು ಎಂಬುದನ್ನು ನನಗೆ ಯಾವ ಕಾಲೇಜೂ ಕಲಿಸಿರಲಿಲ್ಲ, ಈ ಕೆಲಸ ಕಲಿಸಿತು.

ಎರಡು ದಿನದ ಮೇಲೆ ಬಿಸಿಲು ಬಿತ್ತು. ದಸ್ತಗೀರ ಹೆಗಲಿಗೆ ಚೀಲ ಏರಿಸಿ ಹೊರಟ. ಕ್ಯಾರೆನ್ ಡೇರೆಯ ಬಾಗಿಲಲ್ಲಿ ತುಟಿ ಬಿಗಿದು ನಿಂತಿದ್ದಳು. ಒಂದು ಮಾತೂ ಕೇಳಲಿಲ್ಲ. ಅವನು ಎಲ್ಲಿಗೆ ಹೋಗುತ್ತಿದ್ದಾನೆ ಎಂದು ನಮಗಿಬ್ಬರಿಗೂ ಗೊತ್ತಿತ್ತು.