ಪಕ್ಕದ ಸೀಟಿನ ಬ್ರೇಕು

ತಾನು ಹುಟ್ಟಾ ಡ್ರೈವರ್ ಎಂಬ ನಂಬಿಕೆ ಅವನಿಗೆ ಡ್ರೈವಿಂಗ್ ಸ್ಕೂಲಿಗೆ ಸೇರಿದ ಮೊದಲ ವಾರದಲ್ಲೇ ಬಂದುಬಿಟ್ಟಿತ್ತು. ತಿರುವು ಬಂದರೆ ಕಾರು ತಾನಾಗಿ ಮೆತ್ತಗಾಗುತ್ತಿತ್ತು. ಏನಾದರೂ ಅಡ್ಡ ಬಂದರೆ, ಅದು ನಾಯಿಯೋ ಚೀಲವೋ ಎಂದು ಅವನಿಗೆ ತಿಳಿಯುವ ಮೊದಲೇ ಗಾಡಿ ನಿಂತಿರುತ್ತಿತ್ತು. ನನ್ನ ಕಾಲಿಗೆ ತಲೆಗಿಂತ ಹೆಚ್ಚು ಬುದ್ಧಿಯಿದೆ ಎಂದು ತಾನು ಕೆಲಸ ಮಾಡುವ ವಿಡಿಯೋ ಸ್ಟುಡಿಯೋದ ಗೆಳೆಯರ ಮುಂದೆ ಕೊಚ್ಚಿಕೊಂಡ. ಅವನ ತಲೆಯನ್ನು ಬಲ್ಲ ಗೆಳೆಯರು ಅದನ್ನು ಕೂಡಲೇ ಒಪ್ಪಿಕೊಂಡರು. ಲೈಸೆನ್ಸಿನ ಪರೀಕ್ಷೆಗೆ ಬೇರೆ ಕಾರು ಕೊಟ್ಟರು. ಅದರಲ್ಲಿ ಪಕ್ಕದ ಸೀಟಿನ ಮುಂದೆ, ಕಲಿಸುವವರಿಗೆಂದು ಇರುವ ಎರಡನೇ ಬ್ರೇಕು ಇರಲಿಲ್ಲ. ಬುದ್ಧಿವಂತ ಕಾಲು ಸೀದಾ ಹೋಗಿ ದೀಪದ ಕಂಬಕ್ಕೆ ಗುದ್ದಿತು.

ಅಂದಿನಿಂದ ಅವನ ಹೆಸರು ಕಂಬ. ಹೆಸರಿಟ್ಟವರು ಅವನಿಗೆ ಕಲಿಸಿದ ಟೀಚರಮ್ಮನೇ.

ಐವತ್ತರ ಆಸುಪಾಸಿನ ಗಿಡ್ಡ ಹೆಂಗಸು. ಮುಂದಿನ ರಸ್ತೆ ಕಾಣಲೆಂದು ಸೀಟಿನ ಮೇಲೆ ಕಂಬಳಿ ಮಡಿಸಿ ಹಾಕಿಕೊಂಡು ಕೂರುವವರು. ಇಪ್ಪತ್ತು ವರ್ಷ ಪುಕ್ಕಲರ ಪಕ್ಕದಲ್ಲೇ ಕೂತು ಹೊಟ್ಟೆ ಹೊರೆದವರು. ಬೈಯುವುದರಲ್ಲಿ ಧಾರಾಳಿ, ಹೊಗಳುವುದರಲ್ಲಿ ಕಡು ಜಿಪುಣಿ. "ಇವತ್ತು ಯಾರೂ ಸಾಯಲಿಲ್ಲ" ಎಂದರೆ ಅದೇ ಅವರ ಶಹಭಾಸ್‌ಗಿರಿ. ಕಂಬಕ್ಕೆ ಗುದ್ದಿದ ದಿನ ಹಣೆಗೆ ಐಸ್ ಒತ್ತಿಕೊಂಡೇ ಅವನು ಕೇಳಿದ್ದ, ಇಷ್ಟು ದಿನ ಬ್ರೇಕು ಹಾಕುತ್ತಿದ್ದದ್ದು ನೀವಾ ಎಂದು. ಟೀಚರಮ್ಮನ ಮುಖ ಕೆಂಪೇರಿತು.

"ನನ್ನ ಮಗನಾಣೆ, ನಾನು ಕಾಲು ಇಟ್ಟೇ ಇಲ್ಲ ಕಣೋ."

ಮಗನ ಮೇಲೆ ಆಣೆಯಿಟ್ಟು ಸುಳ್ಳು ಹೇಳುವ ಹೆಂಗಸಲ್ಲ. ಹಾಗಿದ್ದರೆ ಕಾರೇ ಸುಳ್ಳು ಹೇಳಿರಬೇಕು ಎಂದುಕೊಂಡು ಕಂಬ ಆ ಮಾತನ್ನು ಅಲ್ಲಿಗೇ ಬಿಟ್ಟ. ಎರಡನೇ ಸಲ ಹೇಗೋ ಪಾಸಾದ.

ಆ ಮಗನನ್ನು ಅವನು ಕಣ್ಣಾರೆ ಕಂಡದ್ದು ಕೆಲವು ವರ್ಷಗಳ ಮೇಲೆ. ವಿಶ್ವವಿದ್ಯಾಲಯದಲ್ಲಿ ಒಂದು ಸಂಶೋಧನೆಗೆ ವಿಡಿಯೋ ತೆಗೆಯುವವರು ಬೇಕಿತ್ತು. ನನ್ನ ಹತ್ತಿರ ಕಲಿತ ಹುಡುಗ ಒಬ್ಬನಿದ್ದಾನೆ, ಕಾರು ಬರಲ್ಲ, ಕ್ಯಾಮೆರಾ ಬರುತ್ತೆ ಎಂದು ಟೀಚರಮ್ಮ ಶಿಫಾರಸು ಮಾಡಿದ್ದರು. ಸಂಶೋಧನೆ ನಡೆಸುತ್ತಿದ್ದವರನ್ನು ಎಲ್ಲರೂ ಡಾಕ್ಟರ್ ಮೇಡಂ ಎನ್ನುತ್ತಿದ್ದರು. ಕಂಬ ಮೊದಲ ದಿನವೇ ತನ್ನ ಬೆನ್ನುನೋವಿನ ಕತೆ ಬಿಚ್ಚಿದ. ಅವರು ಪೂರ್ತಿ ಕೇಳಿಸಿಕೊಂಡು, ತಾನು ಮನಶ್ಶಾಸ್ತ್ರ ಓದಿ ಡಾಕ್ಟರಾದವಳು, ಬೆನ್ನು ತನಗೂ ನೋಯುತ್ತದೆ ಎಂದರು.

ಮಾತು ಬಾರದ ಕೆಲವು ಆಟಿಸಂ ಮಕ್ಕಳು ತಾಯಿಯ ಮನಸ್ಸನ್ನು ಓದುತ್ತಾರೆ ಎಂಬ ಸುದ್ದಿ ಆಗ ಬಾಯಿಂದ ಬಾಯಿಗೆ ಓಡಾಡುತ್ತಿತ್ತು. ಡಾಕ್ಟರ್ ಮೇಡಂ ಅದನ್ನು ಕೇಳಿ ನಗಲೂ ಇಲ್ಲ, ನಂಬಲೂ ಇಲ್ಲ. ಅಳೆದು ನೋಡೋಣ ಎಂದು ಹಿಂದಿನ ಕಟ್ಟಡದಲ್ಲಿ, ಮುರಿದ ಕುರ್ಚಿಗಳನ್ನು ತುಂಬಿದ್ದ ಒಂದು ಕೋಣೆಯನ್ನು ಖಾಲಿ ಮಾಡಿಸಿಕೊಂಡರು. ಅಲ್ಲಿಗೆ ಮೊದಲು ಬಂದವರೇ ಟೀಚರಮ್ಮ ಮತ್ತು ಅವರ ಮಗ.

ಮಗನಿಗೆ ಇಪ್ಪತ್ತೆರಡು. ಬಾಗಿಲು ದಾಟುವಾಗ ತಲೆ ತಗ್ಗಿಸಬೇಕಾದಷ್ಟು ಎತ್ತರ. ಅಮ್ಮನಿಗೆ ಮಾತ್ರ ಇನ್ನೂ ಮರಿ. ಅವನಿಗೆ ಮಾತು ಬರಲೇ ಇಲ್ಲ. ಬಾರದು ಎಂದು ಖಾತ್ರಿಯಾದ ವರ್ಷ ಅಪ್ಪ ಬೇರೆ ಕಡೆ ಸಂಸಾರ ಹೂಡಿದ. ಟೀಚರಮ್ಮ ಹಗಲು ಮಗನನ್ನು ಆರೈಕೆ ಕೇಂದ್ರದಲ್ಲಿ ಬಿಟ್ಟು ಪಾಠ ಹೇಳುತ್ತಿದ್ದರು, ಸಂಜೆ ಅದೇ ಕಾರಿನಲ್ಲಿ ಅವನನ್ನು ಸುತ್ತಾಡಿಸುತ್ತಿದ್ದರು. ಇಂಡಿಕೇಟರ್ ಟಿಕ್ ಟಿಕ್ ಎಂದರೆ ಸಾಕು, ಅವನು ಕೆನ್ನೆಯನ್ನು ಮುಂದಿನ ಸೀಟಿಗೆ ಒತ್ತಿಕೊಂಡು, ಅದನ್ನೇ ಆಲಿಸುತ್ತ ಕಲ್ಲಿನಂತೆ ಕೂತುಬಿಡುತ್ತಿದ್ದ.

ನಾಲ್ಕು ವರ್ಷದ ಕೆಳಗೆ ಇನ್ನೊಬ್ಬ ತಾಯಿಯಿಂದ ಟೀಚರಮ್ಮ ಅಕ್ಷರದ ಹಲಗೆಯನ್ನು ಕಲಿತರು. ಪಾರದರ್ಶಕ ಪ್ಲಾಸ್ಟಿಕ್ಕಿನ ಹಾಳೆ. ಮೇಲೆ ಅಕ್ಷರ, ಕೆಳಗೆ ಕಾಗುಣಿತದ ಗುರುತುಗಳು. ಅಮ್ಮ ಅದನ್ನು ಒಂದು ಕೈಯಲ್ಲಿ ಮಗನೆದುರು ಎತ್ತಿ ಹಿಡಿಯಬೇಕು, ಇನ್ನೊಂದು ಕೈ ಅವನ ಭುಜದ ಮೇಲೆ, ಅವನು ಬೆರಳಿಂದ ಒಂದೊಂದೇ ಅಕ್ಷರ ಮುಟ್ಟಬೇಕು. ತಿಂಗಳುಗಟ್ಟಲೆ ಏನೂ ಆಗಲಿಲ್ಲ. ಆಮೇಲೊಂದು ಮಧ್ಯಾಹ್ನ ಬೆರಳು ಮುಟ್ಟಿದ ಅಕ್ಷರಗಳನ್ನು ಕೂಡಿಸಿದರೆ ಒಂದು ಮಾತಾಯಿತು: ಅಮ್ಮ ಕೈ ನೋಯುತ್ತಾ.

ಆ ಮನೆಯಲ್ಲಿ ಅವರನ್ನು ಯಾರಾದರೂ ಏನಾದರೂ ಕೇಳಿ ಎಷ್ಟೋ ಕಾಲವಾಗಿತ್ತು. ಟೀಚರಮ್ಮ ಅಡುಗೆಮನೆಯ ನೆಲದ ಮೇಲೆ ಕುಸಿದು ಕೂತರು. ಒಲೆಯ ಮೇಲಿನ ಹಾಲು ಉಕ್ಕಿ, ಸುಟ್ಟು, ಪಾತ್ರೆ ಕಪ್ಪಾದರೂ ಏಳಲಿಲ್ಲ.

ಅಲ್ಲಿಂದ ಮಗನ ಮಾತಿಗೆ ಕಟ್ಟೆಯೊಡೆಯಿತು. ರೇಡಿಯೋದ ಹಳೆಯ ಹಾಡುಗಳು ಅವನಿಗೆ ಪ್ರಾಣ; ಅಪ್ಪನನ್ನು ಅವನು ಕ್ಷಮಿಸಿದ್ದಾನೆ; ಅಮ್ಮನ ಹಸಿರು ಸ್ವೆಟರ್ ಅವನಿಗೆ ಇಷ್ಟ. ಬರಬರುತ್ತ ಅಮ್ಮ ಕೇಳುವ ಮೊದಲೇ ಉತ್ತರ ಬರತೊಡಗಿತು. ಅವರ ಕೈಚೀಲದಲ್ಲಿ ಏನಿದೆ, ಅವರು ಯಾರನ್ನು ನೆನೆಯುತ್ತಿದ್ದಾರೆ, ಎಲ್ಲವೂ. ನಾದಿನಿ ಮಾತ್ರ ಬಂದು ಒಂದು ಸಂಜೆ ನೋಡಿ, ಬರೆಯೋದೆಲ್ಲ ನೀನೇ ಅತ್ತಿಗೆ ಎಂದು ಮುಖದ ಮೇಲೆ ಹೇಳಿ ಹೋದಳು. ಆವತ್ತಿಂದ ಇಬ್ಬರಿಗೂ ಮಾತಿಲ್ಲ. ಪ್ರಯೋಗಶಾಲೆಗೆ ಬಂದ ದಿನ ಟೀಚರಮ್ಮ ಕೇಳಿದ್ದು ಒಂದೇ: "ಈ ಮಾತು ನನ್ನ ಮಗನದ್ದು ಅಂತ ನೀವು ಬರೆದುಕೊಡಿ ಸಾಕು. ಮನಸ್ಸು ಓದೋದು, ಪವಾಡ, ಅವೆಲ್ಲ ನೀವೇ ಇಟ್ಕೊಳ್ಳಿ."

ಮನಸ್ಸು ಓದುವವನು ಬರುತ್ತಾನೆ ಎಂದು ಕೇಳಿಯೇ ಕಂಬ ಹೆದರಿಬಿಟ್ಟಿದ್ದ. ಅವನ ಮನಸ್ಸಿನಲ್ಲಿ ಯಾರೂ ಓದಬಾರದ ಸಂಗತಿಗಳೇ ಹೆಚ್ಚು. ಜ್ವರ ಎಂದು ಮಾಲೀಕನಿಗೆ ಹೇಳಿ ಮಲಗಿದ್ದ ಸೋಮವಾರವೊಂದೇ ಸಾಕಿತ್ತು. ಅದಕ್ಕೇ ಟ್ರೈಪಾಡ್ ನಿಲ್ಲಿಸುವಾಗ ಮನಸ್ಸಿನೊಳಗೆ ಬಿಡದೆ ಹದಿನೇಳರ ಮಗ್ಗಿ ಹೇಳಿಕೊಳ್ಳುತ್ತಿದ್ದ. ಹದಿನೇಳು ಏಳಲಿ ಎಂಬಲ್ಲಿಗೆ ಬಂದು ತಪ್ಪಿ, ಮತ್ತೆ ಮೊದಲಿಂದ ಹಿಡಿದು, ಬೆವರುತ್ತಿದ್ದ. ಹುಡುಗ ಅವನ ಕಡೆ ನೋಡಲೂ ಇಲ್ಲ. ಅಮ್ಮ ಹಲಗೆ ಎತ್ತಿದರು. ಬೆರಳು ಮುಟ್ಟಿತು: ಕಂಬ ಅಣ್ಣ ಹೆದರಬೇಡಿ.

ಟ್ರೈಪಾಡ್ ಕೈಜಾರಿ ಕಂಬನ ಪಾದದ ಮೇಲೇ ಬಿತ್ತು. ನೋವು ಗೊತ್ತಾದದ್ದು ಮನೆಗೆ ಹೋದ ಮೇಲೆ.

ಪರೀಕ್ಷೆ ಶುರುವಾಯಿತು. ಟ್ಯೂಬ್‌ಲೈಟಿನ ಗುಂಯ್‌ಗುಡುವಿಕೆಗೆ ಹುಡುಗ ಕಿವಿ ಮುಚ್ಚಿಕೊಂಡಿದ್ದರಿಂದ ಅದನ್ನು ಆರಿಸಿ ಮೇಜಿನ ದೀಪ ತಂದರು. ಪರದೆಯ ಹಿಂದೆ ಅಮ್ಮನಿಗೆ ಒಂದು ಚಿತ್ರ ತೋರಿಸುವುದು, ಆಮೇಲೆ ಮಗ ಅದು ಏನೆಂದು ಹೇಳುವುದು. ಅಮ್ಮ ಕಂಡದ್ದು ಛತ್ರಿ. ಹಲಗೆಯ ಮೇಲೆ ಛತ್ರಿ. ಆಮೆ; ಆಮೆ. ಏಣಿ, ಏಣಿ. ಒಂದೂ ತಪ್ಪಲಿಲ್ಲ. ಬರೆಯುತ್ತಿದ್ದ ಡಾಕ್ಟರ್ ಮೇಡಂ ಪೆನ್ನು ಹಾಗೇ ಹಿಡಿದು ಹುಡುಗನನ್ನೇ ನೋಡುತ್ತ ಕೂತರು. ಅಂದು ಟೀಚರಮ್ಮ ಎಲ್ಲರಿಗೂ ಚಹಾ ಕೊಡಿಸಿದರು.

ಮರುದಿನ ಡಾಕ್ಟರ್ ಮೇಡಂ ಒಂದು ಸಣ್ಣ ಕ್ಯಾಮೆರಾವನ್ನು ಹಲಗೆಯ ಕೆಳಗೆ, ಮೇಲ್ಮುಖವಾಗಿ ಇಡಲು ಹೇಳಿದರು. ಯಾಕೆಂದು ಕಂಬ ಕೇಳಲಿಲ್ಲ. ಕೂಲಿಗೆ ಬಂದವನು ಕೇಳಬಾರದು ಎಂಬುದು ಅವನ ತತ್ವ, ಸೋಮಾರಿತನವೂ ಹೌದು. ಈ ಸಲ ಇಬ್ಬರಿಗೂ ಒಂದೊಂದು ಚಿತ್ರ ತೋರಿಸುತ್ತೇವೆ, ಕೆಲವೊಮ್ಮೆ ಎರಡೂ ಒಂದೇ, ಕೆಲವೊಮ್ಮೆ ಬೇರೆ ಬೇರೆ, ಒಬ್ಬರದ್ದು ಇನ್ನೊಬ್ಬರಿಗೆ ಕಾಣುವುದಿಲ್ಲ, ಅವನು ಕಂಡದ್ದನ್ನು ಅವನು ಹೇಳಲಿ ಎಂದು ಮೇಡಂ ಮೊದಲೇ ತಿಳಿಸಿದರು. ಹುಡುಗ ಕಂಡದ್ದು ಕೀಲಿಕೈ, ಅಮ್ಮ ಕಂಡದ್ದು ಮೀನು. ಹಲಗೆಯ ಮೇಲೆ ಬಂದದ್ದು ಮೀನು. ಹುಡುಗನಿಗೆ ಚೆಂಡು, ಅಮ್ಮನಿಗೆ ಗಡಿಯಾರ. ಬಂದದ್ದು ಗಡಿಯಾರ. ಹುಡುಗನಿಗೆ ಬಕೆಟ್ಟು, ಅಮ್ಮನಿಗೆ ಖಾಲಿ ಕಾರ್ಡು. ಹಲಗೆ ತಡವರಿಸಿತು, ತೊದಲಿತು, ಕೊನೆಗೆ ಹೇಳಿತು: ಸುಸ್ತಾಗಿದೆ.

"ನೋಡಿದ್ರಾ?" ಟೀಚರಮ್ಮನ ಮುಖ ಅರಳಿತ್ತು. "ಕಣ್ಣೆದುರಿಗೆ ಇರೋದನ್ನೇ ಬಿಟ್ಟು ನನ್ನ ತಲೇಲಿ ಇರೋದನ್ನ ಓದ್ತಾನೆ."

ಡಾಕ್ಟರ್ ಮೇಡಂ ನಗಲಿಲ್ಲ. ಹಲಗೆಯನ್ನು ಒಂದು ಸ್ಟ್ಯಾಂಡಿಗೆ ಸಿಕ್ಕಿಸಿ, ಅಮ್ಮನನ್ನು ಪಕ್ಕದ ಕೋಣೆಯಲ್ಲಿ ಕೂರಿಸಿ, ಮನಸ್ಸಿಗೆ ಗೋಡೆ ಅಡ್ಡ ಬರಬಾರದಲ್ಲ ಎಂದರು. ಅಮ್ಮ ಆಚೆ ಕೂತು ಚಿತ್ರ ನೋಡಿದರು. ಹುಡುಗ ಈಚೆ ಹಲಗೆಯನ್ನು ಒಮ್ಮೆ ನೋಡಿ, ಅದನ್ನು ಹಿಡಿದಿದ್ದ ತಿರುಪನ್ನು ಮುಟ್ಟಿ, ತಿರುಗಿಸುತ್ತ ಕೂತ. ಒಂದು ಅಕ್ಷರವನ್ನೂ ಮುಟ್ಟಲಿಲ್ಲ.

ರೆಕಾರ್ಡಿಂಗ್ ಸರಿಯಾಗಿದೆಯೇ ಎಂದು ನೋಡಲು ಕಂಬ ಕೆಳಗಿನ ಕ್ಯಾಮೆರಾದ್ದನ್ನು ಹಾಕಿದ. ಲೆನ್ಸಿನ ದೋಷ ಇರಬೇಕೆಂದು ನಿಧಾನ ಮಾಡಿ ಇನ್ನೊಮ್ಮೆ ನೋಡಿದ. ಹುಡುಗನ ಬೆರಳು ಗಾಳಿಯಲ್ಲಿ ಕಂಬದ ಹಾಗೆ ನಿಂತಿತ್ತು. ಬಂದು ಬಂದು ಆ ಕಂಬಕ್ಕೆ ಗುದ್ದುತ್ತಿದ್ದದ್ದು ಅಮ್ಮನ ಕೈಯ ಹಲಗೆ.

ಟೀಚರಮ್ಮ ಯಾವಾಗ ಹಿಂದೆ ಬಂದು ನಿಂತಿದ್ದರೋ ಅವನಿಗೆ ತಿಳಿಯಲಿಲ್ಲ. ಆರಿಸಲು ಕೈಚಾಚಿದ.

"ಇರ್ಲಿ. ಇನ್ನೊಂದ್ಸಲ ಹಾಕು."

ಹಾಕಿದ. ಮೀನಿನ ಮೀ, ಆಮೇಲೆ ನು. ಹಲಗೆ ಮೆಲ್ಲಗೆ, ಪಳಗಿದ ಕೈಯಲ್ಲಿ, ಬೆರಳನ್ನು ಹುಡುಕಿಕೊಂಡು ಬಂತು. ಟೀಚರಮ್ಮ ವಿಡಿಯೋ ನೋಡಿದರು, ತಮ್ಮ ಕೈ ನೋಡಿದರು. ಆಮೇಲೆ ತಲೆ ಬಗ್ಗಿಸಿ ತಮ್ಮ ಕಾಲು ನೋಡಿದರು.

"ನನ್ನ ಮಗನಾಣೆ..." ಎಂದು ಶುರು ಮಾಡಿ ನಿಲ್ಲಿಸಿಬಿಟ್ಟರು. "ಕಂಬಾ, ಆವತ್ತು ಬ್ರೇಕು ಹಾಕ್ತಿದ್ದದ್ದು ನಾನೇ ಕಣೋ" ಎಂದರು.

ಡಾಕ್ಟರ್ ಮೇಡಂಗೆ ಬ್ರೇಕಿನ ಕತೆ ಅರ್ಥವಾಗಲಿಲ್ಲ. ಅವರು ತಮಗೆ ಗೊತ್ತಿದ್ದನ್ನು ಹೇಳಿದರು. ಪ್ರಾಮಾಣಿಕರ ಕೈಗಳೇ ಹೀಗೆ ಮಾಡುತ್ತವೆ, ಯಜಮಾನಿಗೆ ತಿಳಿಸದೆ ಮಾಡುತ್ತವೆ, ಇದು ಮೋಸ ಅಲ್ಲ. ಟೀಚರಮ್ಮ ಕೇಳಿಸಿಕೊಂಡಂತೆ ಕಾಣಲಿಲ್ಲ. ಮೇಡಂ ಅವರ ಪಕ್ಕ ಕುರ್ಚಿ ಎಳೆದುಕೊಂಡು ಕೂತರು.

"ಹಲಗೆಯ ಮಾತು ಅವನದ್ದಲ್ಲ ಅಂತ ಗೊತ್ತಾಯ್ತು. ಅವನಿಗೆ ಹೇಳೋಕೆ ಏನೂ ಇಲ್ಲ ಅಂತ ಗೊತ್ತಾಗಿಲ್ಲ. ಅದು ಬೇರೆ, ಇದು ಬೇರೆ."

"ಹಾಗಾದ್ರೆ ಕೈ ನೋಯುತ್ತಾ ಅಂತ ನನ್ನ ನಾನೇ ಕೇಳ್ಕೊಂಡೆ," ಎಂದರು ಟೀಚರಮ್ಮ. ಹುಡುಗ ಇನ್ನೂ ತಿರುಪನ್ನು ಕಿರ್ರೆನ್ನಿಸಿ ತಿರುಗಿಸುತ್ತಿದ್ದ.

ಕಂಬ ಮೆಟ್ಟಿಲಿಳಿಯುವಾಗ ತನ್ನ ಪಾಲಿನದನ್ನೂ ಲೆಕ್ಕ ಹಾಕಿದ. 'ಹೆದರಬೇಡಿ' ಎಂದವರು ಯಾರು? ತಿಂಗಳುಗಟ್ಟಲೆ ಸ್ಟಿಯರಿಂಗ್ ಹಿಂದೆ ಅವನ ಬೆವರು ನೋಡಿದ ಹೆಂಗಸಿಗೆ ಅವನನ್ನು ಓದಲು ಯಾವ ವಿದ್ಯೆ ಬೇಕಿತ್ತು? ಹದಿನೇಳರ ಮಗ್ಗಿ ಸುಮ್ಮನೆ ದಂಡವಾಯಿತು.

ಹಲಗೆ ಬೀರುವಿನ ಹಿಂದೆ ಸೇರಿತು. ಅದರ ಬದಲು ಡಾಕ್ಟರ್ ಮೇಡಂ ಪರಿಚಯದವರಿಂದ ಒಂದು ಗುಂಡಿಗಳ ಪೆಟ್ಟಿಗೆ ಬಂತು. ಒಂದೊಂದು ಗುಂಡಿಯ ಮೇಲೆ ಒಂದೊಂದು ಚಿತ್ರ. ಒತ್ತಿದರೆ ಬೇಕು, ಬೇಡ, ಇನ್ನೂ, ನೀರು ಎಂದು ಅದೇ ಮಾತಾಡುತ್ತದೆ. ಯಾರೂ ಹುಡುಗನ ಮೈ ಮುಟ್ಟಬಾರದು, ಪೆಟ್ಟಿಗೆ ಎತ್ತಬಾರದು. ಗಂಡುದನಿ ಬೇಕೆಂದು ಮಾತುಗಳನ್ನು ಕಂಬನಿಂದಲೇ ಹೇಳಿಸಿ ತುಂಬಿದರು. ವಾರಗಟ್ಟಲೆ ಹುಡುಗ ಗುಂಡಿಗಳನ್ನು ತಬಲೆಯಂತೆ ಬಾರಿಸಿದ, ಇಲ್ಲವೇ ಮುಟ್ಟದೆ ಕೂತ. ಟೀಚರಮ್ಮ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಎದುರು ಕೂರುತ್ತಿದ್ದರು. ಮಗ ಆಡದ ಮೇಲೆ ಅವರೂ ಮಾತು ಕಡಿಮೆ ಮಾಡಿದರು. ಶಿಷ್ಯರಿಗೆ ಬೈಗುಳ ಕೂಡ ಸಿಗುತ್ತಿರಲಿಲ್ಲ.

ಹಲಗೆ ಹಿಡಿದು ಹಿಡಿದು ಅವರ ಭುಜ ಕೆಟ್ಟಿತ್ತು. ಒಂದು ಸಂಜೆ ಕೈ ಎತ್ತಲಾಗದೆ ಕಂಬನನ್ನು ಕರೆಸಿ, ಮರಿಯನ್ನು ಸುತ್ತಾಡಿಸಿಕೊಂಡು ಬರೋಣ, ನೀನು ಓಡಿಸು ಎಂದರು. ತಾವು ಪಕ್ಕದ ಸೀಟಿನಲ್ಲಿ, ಕಂಬಳಿಯ ಮೇಲೆ, ಎರಡೂ ಕಾಲು ಮೇಲೆತ್ತಿ ಚಕ್ಕಳಮಕ್ಕಳ ಹಾಕಿ ಕೂತರು. ಕಾಲಿನ ಮೇಲೆ ನಂಬಿಕೆ ಹೋಗಿತ್ತು. ಹುಡುಗ ಹಿಂದೆ, ಪೆಟ್ಟಿಗೆ ಪಕ್ಕದಲ್ಲಿ. ಸ್ವಲ್ಪ ದೂರ ಹೋದ ಮೇಲೆ ಟೀಚರಮ್ಮ ಅಭ್ಯಾಸಬಲದಿಂದ ರೇಡಿಯೋ ಹಾಕಿದರು. ಹಳೆಯ ಹಾಡು.

"ಬೇಡ."

ಕಂಬ ಬೆಚ್ಚಿದ. ಅದು ಅವನದ್ದೇ ದನಿ. ಅವನು ಬಾಯಿ ತೆರೆದಿರಲಿಲ್ಲ.

ಟೀಚರಮ್ಮ ಬೇರೆ ಹಾಡು ಹಾಕಿದರು.

"ಬೇಡ. ಬೇಡ."

ಕಾರು ಗಕ್ಕನೆ ನಿಂತಿತು. ಈ ಸಲ ಬ್ರೇಕು ಹಾಕಿದ್ದು ಕಂಬನೇ. ಟೀಚರಮ್ಮನ ಕಾಲು ಸೀಟಿನ ಮೇಲೇ ಇತ್ತು. ಹಿಂದಿನವರು ಹಾರನ್ ಒತ್ತಿದರು. ಅವನು ಇಂಡಿಕೇಟರ್ ಹಾಕಿ ಗಾಡಿಯನ್ನು ಪಕ್ಕಕ್ಕೆ ತಂದ. ಟೀಚರಮ್ಮ ರೇಡಿಯೋ ಆರಿಸಿದರು. ನಾಲ್ಕು ವರ್ಷ ದಿನಾ ಸಂಜೆ ಆ ಹಾಡುಗಳನ್ನು ಹಾಕಿದ್ದರು.

"ಹಲಗೇಲಿ ಎಷ್ಟೊಂದು ಹೇಳ್ದ," ಎಂದರು. "ಒಂದು ದಿನಾನೂ ಬೇಡ ಅಂದಿರಲಿಲ್ಲ."

ಇಂಡಿಕೇಟರ್ ಟಿಕ್ ಟಿಕ್ ಎನ್ನುತ್ತಲೇ ಇತ್ತು. ಹುಡುಗ ಕೆನ್ನೆಯನ್ನು ಅಮ್ಮನ ಸೀಟಿಗೆ ಒತ್ತಿಕೊಂಡು ಕೂತಿದ್ದ. ಕೈ ಮಾತ್ರ ಪಕ್ಕಕ್ಕೆ ಸರಿದು ಗುಂಡಿ ಹುಡುಕಿತು.

"ಇನ್ನೂ," ಎಂದಿತು ಕಂಬನ ದನಿ.

ಕಂಬನ ನಾಲಿಗೆಗೆ ಎರಡನೇ ಬ್ರೇಕು ಯಾವತ್ತೂ ಇರಲಿಲ್ಲ. ಕೇಳಬಾರದೆಂದು ಗೊತ್ತಿದ್ದೂ ಕೇಳಿಬಿಟ್ಟ, "ಟೀಚರ್, ಹಲಗೆ ಇದ್ದಾಗ ಚೆನ್ನಾಗಿತ್ತಾ, ಈಗ ಚೆನ್ನಾಗಿದೆಯಾ?" ಈಗಲೇ ಎನ್ನುತ್ತಾರೆ ಎಂದು ಮುಗುಳ್ನಗುವನ್ನೂ ಸಿದ್ಧ ಮಾಡಿಕೊಂಡಿದ್ದ.

"ಆಗಲೇ ಚೆನ್ನಾಗಿತ್ತು," ಎಂದರು ಟೀಚರಮ್ಮ. "ಕೈ ನೋಯುತ್ತಾ ಅಂತ ಕೇಳೋರಿದ್ರು. ಕನ್ನಡಿ ನೋಡ್ಕೊಂಡು ಗಾಡಿ ತೆಗಿ. ಇಂಡಿಕೇಟರ್ ಹಾಗೇ ಇರ್ಲಿ."