ಹೆಬ್ಬೆರಳಣ್ಣನ ಕಾಲಿನ ಜೋಮು

ಅವನ ಸುದ್ದಿ ಮೊದಲು ನನ್ನ ಕಿವಿಗೆ ಬಿದ್ದದ್ದು ನಾದಿನಿ ತನ್ನ ಚಪ್ಪಲಿ ಹೊಲಿಸಿಕೊಂಡು ಬಂದ ದಿನ. ಚಪ್ಪಲಿಯ ಪಟ್ಟಿಯ ಮೇಲೆ ರಕ್ತದ ಕಲೆಯಿತ್ತು.

"ಮೂಲೆಯಂಗಡಿ ಹೆಬ್ಬೆರಳಣ್ಣ ಇದಾನಲ್ಲ ಅತ್ತಿಗೆ, ಚಪ್ಪಲಿ ಜೊತೆ ತನ್ನ ಕಾಲನ್ನೂ ಚುಚ್ಚಿಕೊಂಡ! ರಕ್ತ ಅಂತ ನಾನು ಕಿರುಚಿದ್ರೆ, 'ಯಾರದಮ್ಮಾ?' ಅಂತ ನನ್ನನ್ನೇ ಕೇಳ್ತಾನೆ," ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆಯಿಂದ ಕಾಲಿನ ಅರಿವೇ ಹೋಗಿತ್ತು. ಗಾಯವಾದದ್ದು ಗೊತ್ತಾಗುವಷ್ಟರಲ್ಲಿ ಹೊತ್ತು ಮೀರಿತ್ತು. ಮರುದಿನ ನೆಟ್ಟಗಿದ್ದ ಚಪ್ಪಲಿಯೊಂದನ್ನು ನೆಪಕ್ಕೆ ಹಿಡಿದು ಅವನಲ್ಲಿಗೆ ಹೋದೆ.

ಅಂಗಡಿಯೆಂದರೆ ಮೆಟ್ಟಿಲ ಕೆಳಗಿನ ಗೂಡು. ತೊಗಲನ್ನು ಎಡಗಾಲ ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ಇಕ್ಕಳದಂತೆ ಹಿಡಿದು, ಎರಡೂ ಕೈಯಲ್ಲಿ ದಾರ ಜಗ್ಗುತ್ತಿದ್ದ. ಆ ಹೆಸರು ಬಂದದ್ದೇ ಅದರಿಂದ. ಹೆಂಡತಿ ಪಕ್ಕದಲ್ಲಿ ದಾರಕ್ಕೆ ಮೇಣ ಹಚ್ಚುತ್ತಿದ್ದಳು.

"ಕಾಲು ಜೋಮು ಹಿಡಿದಿದೆಯೇನಪ್ಪಾ?"

"ಜೋಮಲ್ಲ ಅಕ್ಕಾ, ಕಸುಬಿನ ಕಾಲು! ತೊಗಲು ತಿಕ್ಕಿ ತಿಕ್ಕಿ ಗಟ್ಟಿಯಾಗಿದೆ. ನಮ್ಮಪ್ಪಂದೂ ಹೀಗೇ ಇತ್ತು."

"ಸಕ್ಕರೆ ಕಾಯಿಲೆ?"

"ಅದಿದೆ. ವರ್ಷಾನುಗಟ್ಟಲೆಯಿಂದ ಮಾತ್ರೆ ತಿಂತಿದೀನಿ. ಹಾಲು, ಮೊಟ್ಟೆ, ಮೀನು ಎಲ್ಲಾ ಬಿಟ್ಟಿದೀನಿ. ಸನ್ಯಾಸಿ ನಾನು."

"ಸಿಟ್ಟೊಂದು ಬಿಟ್ಟಿಲ್ಲ ಈ ಸನ್ಯಾಸಿ," ಎಂದಳು ಹೆಂಡತಿ. "ಮೊನ್ನೆ ಬಲಗಾಲ ಚಪ್ಪಲಿ ರಸ್ತೇಲೇ ಬಿಟ್ಟು ಬಂದ್ರು. ಜಾರಿದ್ದೇ ಗೊತ್ತಾಗಿಲ್ಲ."

"ಕಸುಬು ಮಾಡೋದು ಎಡಗಾಲಲ್ವೇನಪ್ಪಾ? ಬಲಗಾಲು ಯಾವ ತೊಗಲು ತಿಕ್ಕಿತು?" ಎಂದೆ.

ಅವನ ಕೈ ನಿಂತಿತು. ಮಾರನೆಯ ಬೆಳಿಗ್ಗೆ ಮೂವರೂ ಆಸ್ಪತ್ರೆಗೆ ಹೋದೆವು.

ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, ಬಿ-ಹನ್ನೆರಡು ಎಂಬ ವಿಟಮಿನ್ ತೀರಾ ಇಳಿದಿದೆ ಎಂದರು. "ಸಕ್ಕರೆ ಕಾಯಿಲೆಯ ಈ ಮಾತ್ರೆಯಿಂದ ಕೆಲವರಿಗೆ ಅದು ಕಡಿಮೆಯಾಗುತ್ತೆ. ಅದು ಸಿಗೋದೇ ಹಾಲು, ಮೊಟ್ಟೆ, ಮೀನಿನಂಥದ್ರಲ್ಲಿ. ನೀವು ಅವನ್ನೂ ಬಿಟ್ರಿ. ನರಕ್ಕೆ ಎರಡೂ ಕಡೆಯಿಂದ ಪೆಟ್ಟು."

"ಬೆರಳ ಹಿಡಿತ ಬರುತ್ತಾ ಡಾಕ್ಟ್ರೇ? ಅದಿಲ್ದಿದ್ರೆ ಅಂಗಡಿ ಮುಚ್ಚಿದ ಹಾಗೆ."

"ಸಕ್ಕರೆಯಿಂದ ಆದ ಹಾನಿಗೆ ನಾನು ಮಾತು ಕೊಡಲಾರೆ. ಕೊರತೆಯನ್ನಂತೂ ತುಂಬಿಸಬಹುದು. ಗಾಯ ಮಾಯೋವರೆಗೆ ಕಾಲಲ್ಲಿ ಏನೂ ಹಿಡೀಬೇಡಿ."

ಸೂಜಿಮದ್ದು ಶುರುವಾಯಿತು. ಮನೆಯಲ್ಲಿ ಹಾಲು, ಮೊಟ್ಟೆ ಮರಳಿ ಬಂದವು. ತೊಗಲನ್ನು ಮಂಡಿಗಳ ನಡುವೆ ಹಿಡಿದರೆ ಹೊಲಿಗೆ ಸೊಟ್ಟಗಾಗುತ್ತಿತ್ತು. ಬೈದುಕೊಂಡು ತಾನೇ ಬಿಚ್ಚುತ್ತಿದ್ದ. ತಿಂಗಳುಗಳು ಕಳೆದವು, ಗಾಯ ಮಾಯಿತು, ಕಾಲು ಮಾತ್ರ ಮೂಕವಾಗಿಯೇ ಇತ್ತು. ನನಗೂ ಒಳಗೊಳಗೇ ಅಳುಕು.

ಒಂದು ಮಧ್ಯಾಹ್ನ ಹೆಂಡತಿ ಏದುಸಿರು ಬಿಡುತ್ತಾ ಬಂದಳು. "ಕಾಲಲ್ಲಿ ಇರುವೆ ಹರಿದ ಹಾಗಾಗ್ತಿದೆ ಅಂತ ಕುಣೀತಿದಾರೆ ಅಕ್ಕಾ! ಇರುವೆಗೆ ಇಷ್ಟು ಸಂತೋಷ ಪಡೋ ಗಂಡಸನ್ನ ಎಲ್ಲಾದ್ರೂ ನೋಡಿದೀರಾ?"

ಹಿಮ್ಮಡಿಗೆ ಇಂದಿಗೂ ಪೂರ್ತಿ ಅರಿವು ಬಂದಿಲ್ಲ. ಗಾಯವೇನಾದರೂ ಆಗಿದೆಯೇ ಎಂದು ದಿನಾ ಸಂಜೆ ಹೆಂಡತಿ ಅಂಗಾಲು ನೋಡುತ್ತಾಳೆ. ಬೆರಳುಗಳು ಮಾತ್ರ ಒಂದೊಂದಾಗಿ ಎಚ್ಚರಗೊಂಡವು. ಡಾಕ್ಟರಮ್ಮ ಒಪ್ಪಿದ ಮೇಲೆ ಮತ್ತೆ ತೊಗಲು ಹಿಡಿದ.

ನಾನು ಹಿರಿಯಳೆಂದು, ಹೋದಾಗಲೆಲ್ಲ ಕಾಲು ಮಡಚಿಕೊಳ್ಳುವ ಮನುಷ್ಯ ಅವನು. ಮೊನ್ನೆ ಹೋದಾಗ ಬೂಟಿನ ಅಡಿಯ ಅಟ್ಟೆಯೊಂದು ಬೆರಳಲ್ಲಿ ಬಿಗಿಯಾಗಿ ಸಿಕ್ಕಿತ್ತು, ಕೈ ಎರಡೂ ದಾರದಲ್ಲಿ, ಹೆಂಡತಿ ಪಕ್ಕದಲ್ಲಿರಲಿಲ್ಲ. ಮುಖ ಕಿವುಚಿಕೊಂಡು, ನಗು ತಡೆಯಲಾರದೆ ಕೇಳಿದ:

"ತಪ್ಪು ತಿಳ್ಕೋಬೇಡಿ ಅಕ್ಕಾ. ಕಿರುಬೆರಳ ಸಂದಿಲಿ ದಾರದ ಎಳೆ ಸಿಕ್ಕಿ ಕಚಗುಳಿ ಇಡ್ತಿದೆ. ಸ್ವಲ್ಪ ತೆಗೀತೀರಾ?"