ಹೌದಪ್ಪನ ಅಂಗಡಿಯ ಎರಡನೇ ಕುರ್ಚಿ

ನಮ್ಮ ಬೀದಿಯಲ್ಲಿ ನನ್ನ ಭಾವನನ್ನು ಹೆಸರು ಹಿಡಿದು ಕರೆದವರೇ ಇಲ್ಲ. ಎಲ್ಲರ ಬಾಯಲ್ಲೂ ಅವರು ಹೌದಪ್ಪ. ಅಂಗಡಿಯ ಬೋರ್ಡಿನಲ್ಲಿ ಬೇರೇನೋ ಬರೆದಿದೆ, ಅದನ್ನು ತಲೆಯೆತ್ತಿ ಓದಿದವರನ್ನು ನಾನು ಕಂಡಿಲ್ಲ. ಭಾವ ಎಂದರೆ ನನ್ನ ಅಕ್ಕನ ಗಂಡ, ಕ್ಷೌರದ ಅಂಗಡಿ ಇಟ್ಟವರು. ಆ ಅಂಗಡಿಗೇ ಒಂದು ಪ್ಲೈವುಡ್ ಹಲಗೆ ಅಡ್ಡ ಹೊಡೆಸಿ, ಈಚೆ ಪಾಲಿನಲ್ಲಿ, ಬೇರೆ ಮನೆಯಲ್ಲಿ ಒಬ್ಬಳೇ ಇದ್ದ ನನಗೊಂದು ಹೊಲಿಗೆ ಮಿಷನ್ನು ಹಾಕಿಕೊಟ್ಟಿದ್ದರು. ಹಲಗೆ ತೆಳ್ಳಗಿತ್ತು. ಆಚೆ ಯಾರಾದರೂ ಗಡ್ಡ ಕೆರೆದುಕೊಂಡರೂ ಈಚೆ ನನಗೆ ಕೇಳುತ್ತಿತ್ತು. ಹಾಗಾಗಿ ಬೀದಿಯ ಗಂಡಸರು ಏನು ಮಾತಾಡುತ್ತಾರೆ ಎನ್ನುವುದು ಅವರ ಹೆಂಡತಿಯರಿಗಿಂತ ನನಗೇ ಚೆನ್ನಾಗಿ ಗೊತ್ತು, ಅದರಲ್ಲಿ ಮುಕ್ಕಾಲು ಪಾಲು ಬರೀ ಗಾಳಿ.

ಎಲ್ಲದಕ್ಕೂ ಹೌದು ಎನ್ನುವ ಚಾಳಿ ಭಾವನಿಗೆ ಹುಟ್ಟಿನಿಂದ ಬಂದದ್ದಲ್ಲ, ಕಸುಬಿನಿಂದ ಬಂದದ್ದು. ಕೆಲಸ ಕಲಿಸಿದ ಮುದುಕ ಮೊದಲ ದಿನವೇ ಹೇಳಿಕೊಟ್ಟಿದ್ದನಂತೆ: ಗಂಟಲ ಮೇಲೆ ಕತ್ತಿ ಇರುವಾಗ ಗಿರಾಕಿಗೆ ಎದುರು ಮಾತಾಡಬೇಡ. ಇಲ್ಲ ಎಂದೆಯೋ, ಅವನು ವಾದಕ್ಕೆ ಕತ್ತು ತಿರುಗಿಸುತ್ತಾನೆ, ರಕ್ತ ಬಂದರೆ ಬೈಸಿಕೊಳ್ಳುವವನು ನೀನು. ಹೌದು ಎಂದರೆ ಕಣ್ಣು ಮುಚ್ಚಿ ಹಾಯಾಗಿ ಒರಗುತ್ತಾನೆ. ಈ ಪಾಠವನ್ನು ಭಾವ ಎಷ್ಟು ಚೆನ್ನಾಗಿ ಕಲಿತರೆಂದರೆ ಗಿರಾಕಿ ಏನು ಹೇಳಿದ ಎನ್ನುವುದು ಅವರ ಕಿವಿಗೆ ಬೀಳುತ್ತಲೇ ಇರಲಿಲ್ಲ. ಕಣ್ಣು ಚರ್ಮದ ಮೇಲೆ, ಕೈ ಕತ್ತಿಯ ಮೇಲೆ, ಬಾಯಿ ಮಾತ್ರ ತನ್ನಷ್ಟಕ್ಕೆ ಹೌದು ಹೌದು ಅನ್ನುತ್ತಿತ್ತು.

ಬೀದಿಯಲ್ಲಿ ಜಗಳಕ್ಕೇನೂ ಬರವಿರಲಿಲ್ಲ. ಕಾರು ಯಾರ ಮನೆ ಮುಂದೆ ನಿಲ್ಲಬೇಕು, ಬೀದಿನಾಯಿಗಳಿಗೆ ಊಟ ಹಾಕಬಹುದೋ ಬಾರದೋ, ಎಲೆ ಉದುರಿಸುವ ಮರ ಇರಬೇಕೋ ಬೇಡವೋ, ಬಾಡಿಗೆಗೆ ಎಂಥವರನ್ನು ಇಟ್ಟುಕೊಳ್ಳಬೇಕು, ಎಲ್ಲವೂ ಅಂಗಡಿಯಲ್ಲಿ ಗಿರಾಕಿಗಳು ಕಾಯುವ ಬೆಂಚಿನ ಮೇಲೆ ವಿಚಾರಣೆಗೆ ಬರುತ್ತಿತ್ತು. ಮರ ಕಡಿಯಬೇಕು ಎಂದವರಿಗೂ ಭಾವ ಹೌದು ಎಂದರು. ಅವರು ಎದ್ದು ಹೋದ ಮೇಲೆ ಅದೇ ಕುರ್ಚಿಯಲ್ಲಿ ಕೂತು ಕಡಿಯಬಾರದು ಎಂದವರಿಗೂ ಹೌದು ಎಂದರು. ಎರಡೂ ಕಡೆಯವರು ‘ಹೌದಪ್ಪ ನಮ್ಮ ಕಡೆ’ ಎಂದು ನಂಬಿಕೊಂಡು ಓಡಾಡುತ್ತಿದ್ದರು. ಆಗೆಲ್ಲ ನನಗೆ ನಗು ಬರುತ್ತಿತ್ತು.

ಅಂಗಡಿಯಲ್ಲಿ ಎರಡು ಕುರ್ಚಿ. ಒಂದು ಭಾವನದು. ಇನ್ನೊಂದರಲ್ಲಿ ಕೆಲಸ ಮಾಡುತ್ತಿದ್ದವನನ್ನು ಎಲ್ಲರೂ ಎರಡನೇ ಕುರ್ಚಿ ಎಂದೇ ಕರೆಯುತ್ತಿದ್ದರು. ಬೀದಿಯ ಹಿಂದೆ ಬಟ್ಟೆಗೆ ಬಣ್ಣ ಹಾಕುವ ಶೆಡ್ಡುಗಳಿವೆ, ಅವುಗಳ ಹಿಂದೆ ಕೂಲಿಯವರ ಸಾಲುಮನೆಗಳು. ಅವನು ಅಲ್ಲಿಯವನು. ಅವನ ಅಣ್ಣತಮ್ಮಂದಿರೆಲ್ಲ ಶೆಡ್ಡಿನಲ್ಲಿ ಕೈ ಕಪ್ಪು ಮಾಡಿಕೊಂಡರು, ಇವನೊಬ್ಬ ಕತ್ತರಿ ಹಿಡಿದ. ಬಾಯಿ ಕಡಿಮೆ, ಕೈ ಬಲು ಹಗುರ. ಚಿಕ್ಕ ಮಕ್ಕಳು ಭಾವನ ಕುರ್ಚಿ ಬಿಟ್ಟು ಅವನ ಕುರ್ಚಿಗೇ ಬೇಕು ಎಂದು ರಚ್ಚೆ ಹಿಡಿಯುತ್ತಿದ್ದವು. ಭಾವನನ್ನು ಅಣ್ಣ ಎನ್ನುತ್ತಿದ್ದ, ಭಾವನೂ ಅವನನ್ನು ತಮ್ಮನಂತೆಯೇ ನೋಡಿಕೊಂಡಿದ್ದರು.

ಗೇಟಿನ ಮಾತು ಎದ್ದ ಮೇಲೆ ಎಲ್ಲ ಕೆಟ್ಟಿತು. ಸಾಲುಮನೆಯವರಿಗೆ ಬಸ್ಸಿಗೆ ಹೋಗಲು ನಮ್ಮ ಬೀದಿಯೇ ಹತ್ತಿರದ ದಾರಿ. ಬೀದಿಯ ಹಿಂದಿನ ತುದಿಗೆ ಗೇಟು ಹಾಕಿ, ದೀಪ ಹಚ್ಚುವ ಹೊತ್ತಿನಿಂದ ಬೆಳಗಿನ ತನಕ ಬೀಗ ಜಡಿಯಬೇಕು ಎಂದು ನಿವಾಸಿಗಳ ಸಂಘದ ಅಧ್ಯಕ್ಷರು ಹಟ ಹಿಡಿದರು. ಅವರಿಗಿಂತ ಹೆಚ್ಚು ಕುಣಿದವನು ಅವರ ಮನೆ ಅಳಿಯ. ನುಣ್ಣನೆ ಮಾತಿನವನು, ಎಲ್ಲರನ್ನೂ ಅಕ್ಕ, ಅಣ್ಣ ಎನ್ನುವವನು. ಅಂಗಡಿಯವರು ಗೇಟು ಬೇಡ ಎಂದರು, ವ್ಯಾಪಾರವೇ ಆ ಜನರಿಂದ ಎಂದರು. ಮಾತಿಗೆ ಮಾತು ಬೆಳೆಯಿತು. ಒಂದೇ ಬೆಂಚಿನಲ್ಲಿ ಒತ್ತಿ ಕೂರುತ್ತಿದ್ದವರು ಈಗ ಒಬ್ಬರಿದ್ದರೆ ಇನ್ನೊಬ್ಬರು ಹೊರಗೆ ನಿಲ್ಲತೊಡಗಿದರು.

ಅಷ್ಟರಲ್ಲಿ ಕಳ್ಳತನ ಶುರುವಾಯಿತು. ಮೊದಲು ಡಾಕ್ಟರಮ್ಮನ ಮನೆ, ಆಮೇಲೆ ಮಹಡಿ ಮನೆ, ಆಮೇಲೆ ಮೂಲೆಮನೆ. ಮೂರರಲ್ಲೂ ಜನ ಊರಿಗೆ ಹೋಗಿದ್ದರು, ಮೂರರಲ್ಲೂ ಹಿಂಬಾಗಿಲಿನ ಬೀಗ ಒಡೆದಿತ್ತು. ಮನೆ ಖಾಲಿ ಇದೆ ಎಂದು ತಿಳಿದವನೇ ಬಂದಿದ್ದಾನೆ ಎನ್ನುವುದು ಯಾರಿಗಾದರೂ ಗೊತ್ತಾಗುವಂತಿತ್ತು. ಅಲ್ಲಿಂದಾಚೆ ಹಲಗೆಯ ಆಚೆ ದನಿಗಳು ತಗ್ಗಿದವು. ಜೋರು ಜಗಳಕ್ಕೆ ನಾನು ಯಾವತ್ತೂ ಹೆದರಿದವಳಲ್ಲ, ನನ್ನ ಬಾಯೇ ಸಾಕಷ್ಟು ದೊಡ್ಡದು. ಆದರೆ ಎರಡನೇ ಕುರ್ಚಿ ನೀರು ತರಲು ಹೊರಗೆ ಹೋದ ಕೂಡಲೇ ಗುಸುಗುಸು ಶುರುವಾಗಿ, ಅವನು ಒಳಗೆ ಕಾಲಿಟ್ಟ ಕೂಡಲೇ ನಿಲ್ಲುತ್ತಿತ್ತಲ್ಲ, ಅದು ನನಗೆ ಹೆದರಿಕೆ ಹುಟ್ಟಿಸಿತು. ಗಿರಾಕಿಗಳು ಒಬ್ಬೊಬ್ಬರಾಗಿ ಅವನ ಕುರ್ಚಿ ಬಿಟ್ಟು ಬೆಂಚಿನಲ್ಲಿ ಕಾಯತೊಡಗಿದರು. ಮಕ್ಕಳನ್ನೂ ರಟ್ಟೆ ಹಿಡಿದು ಎಳೆದುಕೊಂಡರು. ಅವನು ಖಾಲಿ ಕುರ್ಚಿಯನ್ನು ಒರೆಸಿದ್ದೇ ಒರೆಸಿದ್ದು.

ಒಂದು ಶುಕ್ರವಾರ ಬೆಳಿಗ್ಗೆ ಅಧ್ಯಕ್ಷರು ಕ್ಷೌರಕ್ಕೆ ಬಂದರು. ಎರಡನೇ ಕುರ್ಚಿ ಇನ್ನೂ ಬಂದಿರಲಿಲ್ಲ. ಬೆಂಚು ಭರ್ತಿಯಾಗಿತ್ತು. ನಾನು ಈಚೆ ಒಂದು ಲಂಗಕ್ಕೆ ಅಂಚು ಹೊಲಿಯುತ್ತಿದ್ದೆ.

“ಏನಯ್ಯಾ, ಊರಿಗೆ ಹೋಗೋರೆಲ್ಲ ಇಲ್ಲೇ ತಾನೆ ಹೇಳ್ಕೊಂಡು ಹೋಗೋದು?” ಎಂದರು ಅಧ್ಯಕ್ಷರು.

“ಹೌದು ಸರ್,” ಎಂದರು ಭಾವ.

“ನಿನ್ನ ಎರಡನೇ ಕುರ್ಚಿಯವನು ಎಲ್ಲಾ ಕೇಳಿಸ್ಕೊಂಡು ಸುಮ್ನೆ ಇರ್ತಾನೆ.”

“ಹೌದು ಸರ್.”

“ಹಂಗಾದ್ರೆ ಇದು ಅವನದೇ ಕೆಲಸ.”

ನನ್ನ ಕಾಲು ಪೆಡಲಿನ ಮೇಲೆ ನಿಂತುಹೋಯಿತು. ಆಚೆ ಕತ್ತಿ ಗಂಟಲ ಗಂಟನ್ನು ಬಳಸಿಕೊಂಡು ಮೇಲೇರುವ ಸದ್ದು ಕೇಳಿಸಿತು. ಭಾವ ಅದೇ ನಯವಾದ ದನಿಯಲ್ಲಿ, “ಹೌದು ಸರ್,” ಎಂದರು. ಬೆಂಚಿನಲ್ಲಿ ಕೂತವರೆಲ್ಲ ಕೇಳಿಸಿಕೊಂಡರು.

ಗಿರಾಕಿಗಳು ಖಾಲಿಯಾದ ಮೇಲೆ ನಾನು ಆಚೆ ಹೋಗಿ ಅವರನ್ನು ಚೆನ್ನಾಗಿ ಬಯ್ದೆ. ನಿಮಗೇನು ಬುದ್ಧಿ ಮಂಕಾಗಿದೆಯಾ, ನಿಮ್ಮನ್ನು ಅಣ್ಣ ಎಂದು ನಂಬಿಕೊಂಡವನ ತಲೆಗೆ ಕಳ್ಳತನ ಕಟ್ಟಿದಿರಲ್ಲ ಎಂದೆ. ಭಾವ ಕತ್ತಿ ಒರೆಸುತ್ತ ನನ್ನ ಮುಖವನ್ನೇ ನೋಡಿದರು. ಯಾವಾಗ ಹಾಗಂದೆ ಎಂದು ಕೇಳಿದರು. ನಟನೆಯಲ್ಲ, ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅಧ್ಯಕ್ಷರ ಒಂದೊಂದು ಮಾತನ್ನೂ ನಾನು ತಿರುಗಿ ಹೇಳಿದೆ. ಅವರು ಖಾಲಿ ಬಿದ್ದಿದ್ದ ಎರಡನೇ ಕುರ್ಚಿಯ ಮೇಲೆ ಕುಸಿದು ಕೂತರು. ಅಯ್ಯೋ ಪಾಪ ಅನಿಸಿತು, ಸಿಟ್ಟೂ ಇಳಿಯಲಿಲ್ಲ.

ಎರಡನೇ ಕುರ್ಚಿ ಅವತ್ತು ಬರಲೇ ಇಲ್ಲ. ಸಂಜೆ ಅಂಗಡಿಯಲ್ಲಿ ಇಬ್ಬರೇ ಕೂತು ಯೋಚಿಸಿದೆವು. ಮನೆ ಖಾಲಿ ಇರುವ ಸುದ್ದಿ ಅವನಿಂದ ಹೊರಗೆ ಹೋಗಿಲ್ಲ ಎಂದ ಮೇಲೆ ಯಾರಿಂದ ಹೋಯಿತು? ಆಗ ಹೊಳೆಯಿತು. ಹೋದದ್ದು ಭಾವನ ಬಾಯಿಂದಲೇ. ಕತ್ತಿ ಗಂಟಲ ಮೇಲಿರುವಾಗ, ‘ಮಹಡಿ ಮನೆಯವರು ಮದುವೆಗೆ ಹೋದರಂತಲ್ಲ, ಇನ್ನೂ ಬಂದಿಲ್ಲ ಅಲ್ವಾ?’ ಎಂದು ಯಾರು ಕೇಳಿದರೂ ಅವರು ಹೌದು ಎನ್ನುತ್ತಿದ್ದರು. ಹಾಗೆ ಕೇಳಿದ ದನಿ ನನಗೆ ನೆನಪಿತ್ತು. ಡಾಕ್ಟರಮ್ಮನ ಮನೆಯ ವಿಚಾರವನ್ನೂ ಮೂಲೆಮನೆಯ ವಿಚಾರವನ್ನೂ ಗೇಟಿನ ಮಾತಿನ ನಡುವೆ ಅದೇ ನುಣ್ಣನೆ ದನಿ ಕೇಳಿತ್ತು. ಮೂರು ಸಲ ಕೇಳಿದ್ದಕ್ಕೋ ಏನೋ, ಅದೊಂದು ಭಾವನ ಕಿವಿಗೂ ಬಿದ್ದಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವರು, “ಅಳಿಯಂದ್ರು ಕೇಳ್ತಿದ್ರು ಕಣಮ್ಮಾ,” ಎಂದರು.

ಕೂಡಲೇ ಅಧ್ಯಕ್ಷರ ಮನೆಗೆ ಹೋಗಿ ಹೇಳಿ ಎಂದೆ. ಭಾವನ ಮನೆಯಲ್ಲಿ ಅಕ್ಕ ಅಡ್ಡ ಬಂದಳು. ದೊಡ್ಡವರ ಮನೆ ಅಳಿಯನ ಮೇಲೆ ಗೂಬೆ ಕೂರಿಸಲು ನಿಮಗೇನು ಹುಚ್ಚಾ, ನಾಳೆ ಅಂಗಡಿ ಖಾಲಿ ಮಾಡಿ ಎಂದರೆ ಎಲ್ಲಿಗೆ ಹೋಗೋಣ ಎಂದು ಅತ್ತಳು. ಭಾವ ಅವಳಿಗೂ ಹೌದು ಎಂದರು, ನನಗೂ ಹೌದು ಎಂದರು. ಶನಿವಾರ ಹಾಗೇ ಕಳೆಯಿತು.

ಭಾನುವಾರ ಬೆಳಿಗ್ಗೆ ಸಂಘದ ಸಭಾಂಗಣದಲ್ಲಿ ಸಭೆ ಎಂದು ಹೇಳಿ ಕಳಿಸಿದರು. ನಾವು ಹೋಗುವಷ್ಟರಲ್ಲಿ ಎರಡನೇ ಕುರ್ಚಿಯನ್ನು ಮನೆಯಿಂದ ಎಳೆದು ತಂದು ಪಕ್ಕದ ಕೋಣೆಗೆ ಹಾಕಿ ಚಿಲಕ ಜಡಿದಿದ್ದರು. ಸಮಾರಂಭದ ಪ್ಲಾಸ್ಟಿಕ್ ಕುರ್ಚಿಗಳನ್ನು ಪೇರಿಸಿಡುವ ಕೋಣೆ ಅದು. ಪೊಲೀಸರಿಗೆ ಫೋನು ಮಾಡಿದ್ದೇವೆ, ಬರುವ ತನಕ ಇಟ್ಟುಕೊಂಡಿದ್ದೇವೆ ಅಷ್ಟೇ ಎಂದರು. ಗೇಟು ಬೇಕು ಎಂದವರೂ ಬೇಡ ಎಂದವರೂ ಎಷ್ಟೋ ದಿನದ ಮೇಲೆ ಒಂದೇ ಸಾಲಿನಲ್ಲಿ ಕೂತಿದ್ದರು. ಅಳಿಯ ಎಲ್ಲರಿಗೂ ಟೀ ಕೊಡಿಸುತ್ತಿದ್ದ. ನಾಲ್ಕು ಜನ ಕೋಣೆಯೊಳಗೆ ಹೋಗುತ್ತಿದ್ದರು, ಬರುತ್ತಿದ್ದರು. ಒಮ್ಮೆ ಒಳಗೆ ಕುರ್ಚಿಗಳ ಪೇರಿಕೆ ಉರುಳಿದ ಸದ್ದಾಯಿತು, ಯಾರೂ ಆ ಕಡೆ ತಿರುಗಲಿಲ್ಲ.

ಭಾವ ಎದ್ದು ನಿಂತರು. ಕೈಯಲ್ಲಿ ಕತ್ತಿ ಇಲ್ಲದೆ ಅವರು ಅಷ್ಟು ಜನರ ಮುಂದೆ ನಿಂತದ್ದನ್ನು ನಾನು ಅವತ್ತೇ ನೋಡಿದ್ದು.

“ಅವನಲ್ಲ ಸರ್,” ಎಂದರು. “ನಾನು ಹೌದು ಅಂದಿದ್ದು ಬಾಯಿ ರೂಢಿ, ನೀವು ಹೇಳಿದ್ದು ನನ್ ಕಿವಿಗೇ ಬಿದ್ದಿರ್ಲಿಲ್ಲ. ಮನೆಯೋರು ಊರಲ್ಲಿಲ್ವಾ ಅಂತ ನನ್ನ ಕೇಳ್ಕೊಂಡು ಹೋಗಿದ್ದು ನಿಮ್ಮ ಅಳಿಯಂದ್ರು.”

ಹಿಂದಿನಿಂದ ಯಾರೋ ಕಿಸಕ್ಕೆಂದರು. ಮತ್ತೊಬ್ಬರು ನಕ್ಕರು. ನೋಡ ನೋಡುತ್ತ ಇಡೀ ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮರ ಕಡೀರಿ ಎಂದರೂ ಹೌದು, ಕಡೀಬೇಡಿ ಎಂದರೂ ಹೌದು, ಶುಕ್ರವಾರ ಅವನೇ ಎಂದವನು ಭಾನುವಾರ ಅವನಲ್ಲ ಎನ್ನುತ್ತಾನೆ, ಇವನ ಮಾತಿಗೆ ತಲೆಯುಂಟಾ ಬುಡವುಂಟಾ ಎಂದರು. ನಾನು ಎದ್ದು, ನನ್ನ ಕಿವಿಯಾರೆ ನಾನೂ ಕೇಳಿದ್ದೇನೆ ಎಂದು ಕಿರುಚಿದೆ. ಭಾವನಿಗೆ ನಾದಿನಿ ಸಾಕ್ಷಿ ಎಂದು ಮತ್ತೆ ನಕ್ಕರು. ಅಧ್ಯಕ್ಷರ ಮುಖ ಕೆಂಡವಾಗಿತ್ತು. ಅಳಿಯನಿಗೆ ಮಾತ್ರ ಒಂದು ಚೂರೂ ಸಿಟ್ಟು ಬರಲಿಲ್ಲ. “ಬಿಡಿ ಮಾವ, ಪಾಪ, ಜೊತೆಗಿದ್ದೋನು ಅಂತ ಸಂಕಟ ಅವರಿಗೆ,” ಎಂದು ಭಾವನ ಭುಜ ತಟ್ಟಿ ಕೂರಿಸಿದ.

ಪೊಲೀಸರು ಬಂದು ಎರಡನೇ ಕುರ್ಚಿಯನ್ನು ಕರೆದುಕೊಂಡು ಹೋದರು. ಅವನು ಬಲಗೈಯನ್ನು ಎಡಗೈಯಲ್ಲಿ ಎತ್ತಿ ಹಿಡಿದುಕೊಂಡು ಜೀಪು ಹತ್ತಿದ. ಮಾಲು ಸಿಗಲಿಲ್ಲ, ಸಾಕ್ಷಿ ಇರಲಿಲ್ಲ, ಬಿಟ್ಟರು. ಅಲ್ಲಿಂದ ಆಸ್ಪತ್ರೆಗೆ ಹೋದ. ಮುಂಗೈ ಮೂಳೆ ಪುಡಿಯಾಗಿತ್ತು, ಇನ್ನು ಕತ್ತರಿ ಹಿಡಿಯುವ ಮಾತೇ ಇಲ್ಲ ಎಂದರಂತೆ. ಪೊಲೀಸರು ಮುರಿದದ್ದು ಎಂದು ಬೀದಿಯವರು ಹೇಳಿದರು, ಬರುವಾಗಲೇ ಮುರಿದಿತ್ತು ಎಂದು ಪೊಲೀಸರು ಹೇಳಿದರು. ಆ ನಾಲ್ಕು ಜನ ಮಾರನೆಯ ದಿನ ನಮ್ಮ ಅಂಗಡಿಯ ಮುಂದೆಯೇ ನಗುನಗುತ್ತ ಹೋದರು. ಹೇಳಿಕೊಳ್ಳಲು ನಾಚಿಕೆಯಿಲ್ಲ, ಅವರ ಕೈ ಸೇದಿಹೋಗಲಿ ಎಂದು ಶಪಿಸಿದೆ.

ಅವನು ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ ಇನ್ನೊಂದು ಮನೆಯ ಬೀಗ ಒಡೆಯಿತು. ಈಗಲಾದರೂ ಇವರ ಕಣ್ಣು ತೆರೆಯುತ್ತದೆ ಎಂದುಕೊಂಡೆ, ಎಂಥ ಪೆದ್ದಿ ನಾನು. ಅವನ ಕಡೆಯವರು ಸೇಡು ತೀರಿಸಿಕೊಂಡರು ಎಂದರು. ಗೇಟು ಬೇಡ ಎನ್ನುತ್ತಿದ್ದವರೂ ಕೈ ಎತ್ತಿದರು. ಕಬ್ಬಿಣದ ಗೇಟು ಬಂತು, ಅದರ ಬೀಗದ ಕೈ ಅಳಿಯನ ಕೈಗೆ ಹೋಯಿತು.

ಅಳಿಯ ಕ್ಷೌರಕ್ಕೆ ಬರುವುದನ್ನು ಬಿಡಲಿಲ್ಲ. ಭಾವ ಈಗ ಕೆಲಸ ಮಾಡುವಾಗ ತುಟಿ ಬಿಚ್ಚುತ್ತಿರಲಿಲ್ಲ, ಒಬ್ಬರಿಗೂ ಹೌದು ಎನ್ನುತ್ತಿರಲಿಲ್ಲ. ಗಿರಾಕಿಗಳಿಗೆ ಅದು ಹಿಡಿಸದೆ ಬೆಂಚು ಖಾಲಿಯಾಗುತ್ತ ಬಂತು. ಅಳಿಯನಿಗೆ ಮಾತ್ರ ಬೇಜಾರಿರಲಿಲ್ಲ. ಒಂದು ದಿನ ಕುರ್ಚಿಯಲ್ಲಿ ಒರಗಿಕೊಂಡು, ಹಲಗೆಯ ಆಚೆಯಿಂದಲೇ ನನ್ನನ್ನು ಮಾತಾಡಿಸಿದ.

“ಅಕ್ಕಾ, ನೀವು ಒಬ್ಬರೇ ಇರೋದಲ್ವಾ? ಊರಿಗೆ ಗೀರಿಗೆ ಹೋಗಲ್ವಾ?”

ನಾನು ಎಲ್ಲಿಗೂ ಹೋಗುವುದಿಲ್ಲ ಎಂದೆ. ಆಚೆ ಕತ್ತಿ ಆಡುವ ಸದ್ದು ಸ್ವಲ್ಪ ಹೊತ್ತು ನಿಂತಿತ್ತು, ಮತ್ತೆ ಶುರುವಾಯಿತು. ಅವತ್ತಿನಿಂದ ನಾನು ಅಕ್ಕನ ಮನೆಯಲ್ಲೇ ಮಲಗುತ್ತೇನೆ.

ಎರಡನೇ ಕುರ್ಚಿ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾನೆ ಎಂದು ತಿಳಿದ ಮೇಲೆ ಭಾವ ಬಾಚಣಿಗೆ, ಬ್ರಶ್ಶು, ಸಾಬೂನು ಎಲ್ಲ ಚೀಲಕ್ಕೆ ತುಂಬಿಕೊಂಡರು. ಇಷ್ಟು ದಿನ ಮಲಗಿದ್ದವನಿಗೆ ಗಡ್ಡ ಬೆಳೆದಿರುತ್ತದೆ, ಒಂದು ಕೈಯಲ್ಲಿ ಅವನು ಮಾಡಿಕೊಳ್ಳುವುದಾದರೂ ಹೇಗೆ ಎಂದರು. ಒಬ್ಬರನ್ನೇ ಕಳಿಸಲು ಮನಸ್ಸಾಗದೆ ನಾನೂ ಹೊರಟೆ. ಗೇಟು ದಾಟಿ, ಶೆಡ್ಡುಗಳ ಪಕ್ಕದ ಬಣ್ಣದ ನೀರು ದಾಟಿ ಸಾಲುಮನೆಗೆ ಹೋದೆವು. ದಾರಿಯಲ್ಲಿ ಜನ ಭಾವನನ್ನು ನೋಡಿ ಬಾಗಿಲು ಮುಂದಕ್ಕೆ ಎಳೆದುಕೊಂಡರು. ಯಾರೂ ಬಯ್ಯಲಿಲ್ಲ, ಯಾರಾದರೂ ಬಯ್ದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಅವನ ಹೆಂಡತಿ ಬಾಗಿಲಲ್ಲೇ ನಿಂತಳು. ಒಳಗೆ ಬನ್ನಿ ಎನ್ನಲಿಲ್ಲ. ಅವಳ ಹೆಗಲ ಆಚೆ ಮಂಚದ ತುದಿ, ಹೊದ್ದಿದ್ದ ಎರಡು ಕಾಲು ಕಾಣುತ್ತಿದ್ದವು. ಭಾವ ಚೀಲ ತೋರಿಸಿ ಏನೋ ಹೇಳಲು ಹೋದರು.

“ಒಂದೇ ಒಂದು ಕೇಳ್ತೀನಿ ಅಣ್ಣಾ,” ಎಂದಳು ಅವಳು. “ಇವರೇ ಕದ್ದಿದ್ದು ಅಂತ ಅಧ್ಯಕ್ಷರು ಕೇಳ್ದಾಗ ನೀವು ಹೌದು ಅಂದ್ರಂತೆ. ಇವರು ನಂಬ್ತಾನೇ ಇಲ್ಲ. ನಮ್ಮಣ್ಣ ಅಂಥ ಮಾತು ಆಡೋರಲ್ಲ, ಅವರೆಲ್ಲ ಸುಳ್ಳು ಹೇಳ್ತಾರೆ ಅಂತಾರೆ. ನೀವು ಅಂದ್ರಾ?”

ಬಾಯಿ ರೂಢಿ, ಕತ್ತಿ, ಗಂಟಲು, ಹೇಳಲು ಎಷ್ಟೋ ಇತ್ತು. ನಾನಾಗಿದ್ದರೆ ಎಲ್ಲವನ್ನೂ ಹೇಳಿಬಿಡುತ್ತಿದ್ದೆ. ಭಾವ ಅವಳ ಮುಖವನ್ನೇ ನೋಡುತ್ತ ನಿಂತರು.

“ಹೌದಮ್ಮಾ,” ಎಂದರು.

ಅವಳು ಕೂಗಾಡಲಿಲ್ಲ. ಬಾಗಿಲನ್ನು ಸದ್ದಾಗದಂತೆ ಮುಚ್ಚಿದಳು. ಒಳಗಿನಿಂದ ಅವನ ದನಿ ಕೇಳಿಸಿತು, ಯಾರು ಬಂದಿದ್ದು ಎಂದು ಕೇಳುತ್ತಿದ್ದ.

“ಯಾರೂ ಇಲ್ಲ,” ಎಂದಳು ಅವಳು.

ಭಾವ ಚೀಲ ಹಿಡಿದುಕೊಂಡು ಅಲ್ಲೇ ನಿಂತಿದ್ದರು. ದೀಪ ಹಚ್ಚುವ ಹೊತ್ತಾಗಿತ್ತು. ಗೇಟು ಹಾಕಿಬಿಡುತ್ತಾರೆ, ಬನ್ನಿ ಎಂದು ನಾನು ಅವರ ತೋಳು ಹಿಡಿದು ಎಳೆದೆ.